ಪರದೆಯ ಮೇಲಿನ ನೀಲಿ ಅಚ್ಚಿನಲ್ಲಿ ಬದನೆಕಾಯಿ ಬಣ್ಣವಾದದ್ದು ಏಕೆ?

ಡಿಟಿಪಿ ಅಂಗಡಿ, ಕಲಬುರಗಿ

ಎಲ್ಲರಿಗೂ ಶರಣು. ಸೂಪರ್ ಮಾರ್ಕೆಟ್ ಹತ್ತಿರ ಒಂಬತ್ತು ವರ್ಷಗಳಿಂದ ಡಿಟಿಪಿ ಮತ್ತು ವಿನ್ಯಾಸದ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರಗಳಲ್ಲಿ ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಇದುವರೆಗೆ ಯಾರೂ ತಕರಾರು ತೆಗೆದಿರಲಿಲ್ಲ. ಈ ಸಲ ಮಾತ್ರ ಸರಿಯಾದ ಪೆಟ್ಟು ಬಿದ್ದಿದೆ.

ಒಂದು ಸ್ಮರಣ ಸಂಚಿಕೆಯ ಮುಖಪುಟಕ್ಕೆ ಬೀದರ್‌ನ ಮಹಮೂದ್ ಗವಾನ್ ಮದರಸಾದ ಮಿನಾರಿನ ಚಿತ್ರ ಹಾಕಿ, ಹಿನ್ನೆಲೆಗೆ ಮೇಲಿನಿಂದ ಕೆಳಗೆ ತಿಳಿಯಾಗುತ್ತ ಬರುವ ಗಾಢ ನೀಲಿಯನ್ನು ಕೊಟ್ಟಿದ್ದೆ. 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್, ಸಾವಿರ ಪ್ರತಿ. ಬಂದ ಪ್ರತಿಗಳಲ್ಲಿ ನೀಲಿ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಮಟಮಟ ಮಧ್ಯಾಹ್ನ ತೆಗೆದ ಚಿತ್ರ ಹೊತ್ತು ಮುಳುಗಿದ ಮೇಲೆ ತೆಗೆದಂತೆ ಮಬ್ಬಾಗಿದೆ. ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಒಪ್ಪಿಗೆ ಪಡೆದಿದ್ದೆ, ಅಷ್ಟು ಸಾಲದೆಂದು ಲೇಸರ್ ಮಷೀನಿನಲ್ಲಿ ಒಂದು ಪ್ರತಿ ತೆಗೆಸಿ ತೋರಿಸಿಯೂ ಇದ್ದೆ, ಎರಡರಲ್ಲೂ ನೀಲಿ ಚೆನ್ನಾಗಿಯೇ ಇತ್ತು. ಈಗ ಗಿರಾಕಿ ಹಣ ಕೊಡುವುದಿಲ್ಲ ಎನ್ನುತ್ತಾರೆ, ಅಚ್ಚು ಹಾಕಿದವರು ಫೈಲಿನಲ್ಲಿ ಇದ್ದದ್ದೇ ಬಂದಿದೆ ಎನ್ನುತ್ತಾರೆ. ಹೊಸ ಮಾನಿಟರ್ ಕೊಂಡರೆ ಇದು ಸರಿಹೋಗುವುದೇ, ಅಥವಾ ತಪ್ಪು ಬೇರೆಲ್ಲಾದರೂ ಇದೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಆಫ್‌ಸೆಟ್ ಮುದ್ರಕ, ಕಲಬುರಗಿ

ತಮ್ಮಾ, ಮಾನಿಟರ್ ಕೊಳ್ಳುವ ಮಾತು ಆಮೇಲೆ. ಮೂವತ್ತು ವರ್ಷ ಮಷೀನಿನ ಮುಂದೆ ನಿಂತವನು ನಾನು. ಪರದೆಯ ಬಣ್ಣವನ್ನು ನೋಡುವುದಕ್ಕಿಂತ ಮೊದಲು ಫೈಲಿನ ಅಂಕಿಗಳನ್ನು ಕೇಳುತ್ತೇನೆ.

ಪರದೆ ತಾನೇ ಬೆಳಕನ್ನು ಸೂಸುವ ವಸ್ತು. ಅಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳು ಕೂಡಿದಷ್ಟೂ ಬಣ್ಣ ಬಿಳಿಯ ಕಡೆಗೆ ಹೋಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ಇಂಕು ನುಂಗಿ, ಉಳಿದದ್ದನ್ನು ಮಾತ್ರ ಕಣ್ಣಿಗೆ ಬಿಡುತ್ತದೆ, ಆದ್ದರಿಂದ ಇಲ್ಲಿ ಇಂಕು ಕೂಡಿದಷ್ಟೂ ಬಣ್ಣ ಕಪ್ಪಿನ ಕಡೆಗೆ ಹೋಗುತ್ತದೆ. ಪರದೆಯ ಮೇಲೆ ಝಗ್ಗೆನ್ನುವ ನೀಲಿ, ಗಿಳಿಹಸಿರು, ಕಾವಿಯ ಉಜ್ವಲ ಛಾಯೆಗಳು ಸಯಾನ್ (ತಿಳಿನೀಲಿ), ಮೆಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳ ಅಳವಿಗೆ ಸಿಗುವುದಿಲ್ಲ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ: ಒಳ್ಳೆಯ ಆರ್ಟ್ ಪೇಪರಿನ ಮೇಲೆ ಬಿದ್ದ ನೂರು ಪ್ರತಿಶತ ಸಯಾನ್ ಸಾಧಾರಣ ಮಾನಿಟರ್ ತೋರಿಸಬಲ್ಲ ಬಣ್ಣಗಳ ಎಲ್ಲೆಯ ಆಚೆಗಿದೆ.

ನಿಮ್ಮ ಫೈಲನ್ನು ಫೋಟೋಶಾಪ್‌ನಲ್ಲಿ ತೆರೆದು, ಹಿನ್ನೆಲೆಯ ಮೇಲ್ತುದಿಯ ನೀಲಿಯ ಮೇಲೆ ಬಣ್ಣದ ಅಂಕಿ ತೋರಿಸುವ ಐಡ್ರಾಪರ್ ಇಟ್ಟು, ಸಿಎಂವೈಕೆ ಅಂಕಿಗಳನ್ನು, ಅಂದರೆ ಈ ನಾಲ್ಕು ಇಂಕುಗಳ ಪ್ರತಿಶತವನ್ನು ಇಲ್ಲಿ ಬರೆಯಿರಿ. ಮುಖಪುಟದ ಕಪ್ಪು ಅಕ್ಷರಗಳ ಅಂಕಿಯನ್ನೂ ಬರೆಯಿರಿ. ನೀವು ಕೇಳದಿದ್ದರೂ ಅದರಲ್ಲೊಂದು ಐಬು ಇರಬಹುದೆಂದು ನನಗೆ ಅನುಮಾನ.

ಡಿಟಿಪಿ ಅಂಗಡಿ, ಕಲಬುರಗಿ

ಕಾಕಾ, ನೋಡಿದೆ. ನೀಲಿಯನ್ನು ನಾನು ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲಿ 0, 0, 255 ಎಂದು ಕೊಟ್ಟಿದ್ದೆ. ಸಿಎಂವೈಕೆಗೆ ಬದಲಿಸಿದ ಮೇಲೆ ಸಯಾನ್ 88, ಮೆಜೆಂಟಾ 77, ಹಳದಿ 0, ಕಪ್ಪು 0 ಎಂದು ತೋರಿಸುತ್ತಿದೆ. ಅಕ್ಷರದ ಕಪ್ಪು 75, 68, 67, 90 ಆಗಿದೆ. ಅದು ಬರೀ ಕಪ್ಪು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಆಫ್‌ಸೆಟ್ ಮುದ್ರಕ, ಕಲಬುರಗಿ

ಅನುಮಾನ ನಿಜವಾಯಿತು. ಸಯಾನ್ 88ಕ್ಕೆ ಮೆಜೆಂಟಾ 77 ಬಿದ್ದರೆ ಅದು ನೀಲಿಯಾಗಿ ಉಳಿಯುವುದಿಲ್ಲ. ಮಷೀನ್‌ಮನ್ ಮೆಜೆಂಟಾ ಇಂಕು ಬಿಡುವ ಕೀಲಿಯನ್ನು ಕೂದಲೆಳೆಯಷ್ಟು ಹೆಚ್ಚು ತೆರೆದರೂ ನೇರಳೆಯೇ. ನಮ್ಮ ಕಡೆಯ ಹಳೆಯ ಲೆಕ್ಕವೇನೆಂದರೆ, ನೀಲಿ ನೀಲಿಯಾಗಿ ಕಾಣಬೇಕಾದರೆ ಸಯಾನ್‌ಗಿಂತ ಮೆಜೆಂಟಾ ಕನಿಷ್ಠ ಮೂವತ್ತು ಅಂಕಿ ಕೆಳಗಿರಬೇಕು. ಸಯಾನ್ 100, ಮೆಜೆಂಟಾ 60 ಕೊಟ್ಟು ನೋಡಿ.

ನಿಮ್ಮ ಅಂಕಿಗಳಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಈ 88-77 ಮತ್ತು 75-68-67-90 ಎಂಬ ಜೋಡಿಗಳು ಫೋಟೋಶಾಪ್ ತಾನಾಗಿ ಇಟ್ಟುಕೊಂಡ ಅಮೆರಿಕದ ಸ್ವಾಪ್ ಪ್ರೊಫೈಲಿನಿಂದ ಬರುತ್ತವೆ. ಅದು ಆ ದೇಶದ ರೋಲ್ ಕಾಗದದ ಪತ್ರಿಕೆಗಳ ಮುದ್ರಣಕ್ಕಾಗಿ ಮಾಡಿದ್ದು. ಪ್ರೊಫೈಲ್ ಎಂದರೆ, ಇಂಥ ಇಂಕು ಇಂಥ ಕಾಗದದ ಮೇಲೆ ಇಷ್ಟು ಬಿದ್ದರೆ ಅಳತೆಯಲ್ಲಿ ಇಂಥ ಬಣ್ಣ ಬರುತ್ತದೆ ಎಂಬ ಪಟ್ಟಿ. ಶೀಟ್ ಮಷೀನಿನಲ್ಲಿ ಆರ್ಟ್ ಪೇಪರಿನ ಮೇಲೆ ಅಚ್ಚಾಗುವ ಕೆಲಸಕ್ಕೆ ಫೋಗ್ರಾ 39 ಎಂಬ ಪ್ರೊಫೈಲ್ ಅಥವಾ 2015ರಲ್ಲಿ ಬಂದ ಫೋಗ್ರಾ 51 ಹೆಚ್ಚು ಹತ್ತಿರದ್ದು, ಒಳಪುಟದ ಮ್ಯಾಪ್‌ಲಿಥೋದಂಥ ಲೇಪವಿಲ್ಲದ ಕಾಗದಕ್ಕೆ ಫೋಗ್ರಾ 52. ನಿಮ್ಮ ಪ್ರೆಸ್ಸಿನವರು ಯಾವುದನ್ನು ಬಳಸುತ್ತಾರೆಂದು ಕೇಳಿ. ಯಾವುದೂ ಇಲ್ಲ ಎಂದರೂ ಅದು ತಿಳಿದಿರಬೇಕಾದ ಉತ್ತರವೇ.

ಅಕ್ಷರದ ವಿಷಯಕ್ಕೆ ಬಂದರೆ, ಮನೆಯಲ್ಲಿ ಭೂತಗನ್ನಡಿ ಇದ್ದರೆ ಮುಖಪುಟದ ಅತಿ ಸಣ್ಣ ಅಕ್ಷರದ ಮೇಲೆ ಹಿಡಿಯಿರಿ. ‘ಕ’ದ ಅಡ್ಡಗೆರೆಯ ಒಂದು ಅಂಚಿನಲ್ಲಿ ತೆಳು ಕೆಂಪು, ಇನ್ನೊಂದು ಅಂಚಿನಲ್ಲಿ ಸಯಾನ್ ಇಣುಕುತ್ತಿರುತ್ತದೆ. ನಾಲ್ಕು ಇಂಕುಗಳ ನಾಲ್ಕೂ ಅಚ್ಚಿನ ಪ್ಲೇಟುಗಳು ಒಂದರ ಮೇಲೊಂದು ಸೂಜಿಮೊನೆಯಷ್ಟೂ ತಪ್ಪದೆ ಕೂತರೆ ಮಾತ್ರ ಆ ಅಕ್ಷರ ಶುದ್ಧವಾಗಿ ಕಾಣುತ್ತದೆ, ನಮ್ಮೂರಿನ ಮೇ ತಿಂಗಳ ಒಣ ಬಿಸಿಲಿನಲ್ಲಿ ಕಾಗದ ತೇವ ಕಳೆದುಕೊಂಡು ಕುಗ್ಗುವಾಗ ಹಾಗೆ ಕೂರಿಸುವುದು ಯಾರಿಗೂ ಸುಲಭವಲ್ಲ. ಓದುವ ಅಕ್ಷರಕ್ಕೆ ಕಪ್ಪು 100, ಉಳಿದ ಮೂರೂ ಸೊನ್ನೆ.

ಛಾಯಾಗ್ರಾಹಕ, ಬೀದರ್

ಕಾಕಾ ಅವರ ಅಂಕಿಯ ಮಾತನ್ನು ಒಪ್ಪುತ್ತೇನೆ. ಆದರೆ ನೀಲಿ ನೇರಳೆಯಾದದ್ದು ಒಂದು ಕಾಯಿಲೆ, ಚಿತ್ರ ಮಬ್ಬಾದದ್ದು ಇನ್ನೊಂದು. ಎರಡನೆಯದನ್ನು ಅಂಕಿ ಓದಿ ಹಿಡಿಯುವುದು ಕಷ್ಟ. ಛಾಯಾಚಿತ್ರದಲ್ಲಿ ಲಕ್ಷಾಂತರ ಬಿಂದುಗಳಿರುತ್ತವೆ, ಅಲ್ಲಿ ಕಣ್ಣನ್ನೇ ನಂಬಬೇಕಾಗುತ್ತದೆ. ಕಣ್ಣು ಪರದೆಯನ್ನು ನಂಬುತ್ತದೆ.

ನಿಮ್ಮ ಮಾನಿಟರಿನ ಬ್ರೈಟ್‌ನೆಸ್ ನೂರಕ್ಕೆ ನೂರು ಇದೆಯೆಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಡಬ್ಬಿಯಿಂದ ತೆಗೆದಾಗ ಹೆಚ್ಚಿನ ಮಾನಿಟರುಗಳು ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಬೆಳಗುತ್ತವೆ. ಇನ್ನು ಕಾಗದದ ಲೆಕ್ಕ ನೋಡಿ: 500 ಲಕ್ಸ್ ಬೆಳಕಿನಲ್ಲಿ ಬಿಳಿ ಆರ್ಟ್ ಪೇಪರ್ ನಮ್ಮ ಕಣ್ಣಿಗೆ ಮರಳಿಸುವುದು ಸುಮಾರು 135 ಕ್ಯಾಂಡೆಲಾ, 300 ಲಕ್ಸ್ ಇದ್ದರೆ ಸುಮಾರು 80. ಕಾಗದಕ್ಕಿಂತ ಎರಡು ಮೂರು ಪಟ್ಟು ಬೆಳಗುವ ಪರದೆಯ ಮುಂದೆ ಕೂತು ಚಿತ್ರ ತಿದ್ದಿದವನು, ಇಷ್ಟು ಬೆಳಕು ಸಾಕು ಎಂದು ನಿಲ್ಲಿಸುವ ಹೊತ್ತಿಗೆ ಚಿತ್ರ ನಿಜಕ್ಕೂ ಕತ್ತಲಾಗಿರುತ್ತದೆ. ಮುದ್ರಣದ ಕೆಲಸಕ್ಕೆ ಮಾನಿಟರನ್ನು 80ರಿಂದ 120ರ ನಡುವೆ ಇಡುವ ರೂಢಿ ಬಂದದ್ದು ಇದರಿಂದಲೇ.

ಉಪಕರಣವಿಲ್ಲದೆಯೂ ಹತ್ತಿರಕ್ಕೆ ಬರಬಹುದು. ಮಾನಿಟರ್ ಹಾಕಿ ಅರ್ಧ ಗಂಟೆ ಕಾಯಿರಿ, ಶಟರ್ ಇಳಿಸಿ ಹೊರಗಿನ ಬಿಸಿಲನ್ನು ತಡೆಯಿರಿ, ಪರದೆಯ ತುಂಬ ಖಾಲಿ ಬಿಳಿ ಪುಟ ತೆರೆಯಿರಿ. ಅಚ್ಚಾಗದ ಅದೇ ಆರ್ಟ್ ಕಾರ್ಡನ್ನು ಪರದೆಯ ಪಕ್ಕದಲ್ಲಿ, ಕೆಲಸದ ದೀಪದ ಬೆಳಕು ನೇರವಾಗಿ ಬೀಳುವಂತೆ ನಿಲ್ಲಿಸಿ. ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಒಂದೇ ಬಿಳಿಯಾಗಿ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸುತ್ತ ಹೋಗಿ. ಮೊದಲ ದಿನ ಪರದೆ ಸತ್ತಂತೆ ಕಾಣುತ್ತದೆ, ಎರಡು ದಿನದಲ್ಲಿ ಕಣ್ಣು ಒಗ್ಗುತ್ತದೆ. ಪರದೆಯ ಬಿಳಿ ಕಾಗದಕ್ಕಿಂತ ನೀಲಿಯಾಗಿ ಉಳಿದರೆ ಕಲರ್ ಟೆಂಪರೇಚರನ್ನು 6500ಕ್ಕೆ ಇಳಿಸಿ.

ದೀಪದ ವಿಷಯವನ್ನೂ ಬಿಡುವಂತಿಲ್ಲ. ಮುದ್ರಿತ ಹಾಳೆಯನ್ನು ನೋಡುವ ಬೆಳಕು 5000 ಕೆಲ್ವಿನ್ ಇರಬೇಕೆಂದು ಐಎಸ್‌ಒ 3664 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಮ್ಮ ಅಂಗಡಿಗಳ ಎಲ್‌ಇಡಿ ಟ್ಯೂಬುಗಳು ಬಹುಮಟ್ಟಿಗೆ 6500, ಅಗ್ಗದವುಗಳಲ್ಲಿ ಕೆಂಪಿನ ಅಂಶ ಕಡಿಮೆ. ಒಂದೇ ಹಾಳೆ ಟ್ಯೂಬಿನ ಕೆಳಗೊಂದು ಬಣ್ಣ, ಬಾಗಿಲ ಬಳಿ ಇನ್ನೊಂದು ಬಣ್ಣ ಕಾಣುವುದನ್ನು ಸೀರೆ ಅಂಗಡಿಯಲ್ಲಿ ಕೂತ ಹೆಣ್ಣುಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು, ಸೀರೆಯನ್ನು ಹೊರಗೆ ತಂದು ನೋಡದೆ ಅವರು ಹಣ ಕೊಡುವುದಿಲ್ಲ.

ಫ್ಲೆಕ್ಸ್ ಮುದ್ರಣ, ಯಾದಗಿರಿ

ಇಷ್ಟೆಲ್ಲ ಶಾಸ್ತ್ರ ಬೇಕಿಲ್ಲ ಎಂದು ನನ್ನ ಅನಿಸಿಕೆ. ಕ್ಯಾಮೆರಾದಿಂದ ಬಂದ ಚಿತ್ರವನ್ನು ಮೊದಲೇ ಸಿಎಂವೈಕೆಗೆ ಬದಲಿಸಿಕೊಂಡು, ಪ್ರತಿ ಕೆಲಸಕ್ಕೂ ಬೆಳಕನ್ನು ಹದಿನೈದು ಅಂಕಿ ಏರಿಸಿ ಕಳಿಸಿದರೆ ಸಾಕು. ನಾನು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ಯಾರೂ ಮರಳಿ ತಂದಿಲ್ಲ.

ಛಾಯಾಗ್ರಾಹಕ, ಬೀದರ್

ಸರ್, ನಿಮ್ಮ ಹದಿನೈದು ಅಂಕಿ ನಿಮ್ಮ ಮಾನಿಟರಿಗೂ ನಿಮ್ಮ ಮಷೀನಿಗೂ ಹೊಂದಿಕೊಂಡ ಅಂಕಿ. ಒಂದೇ ಮಷೀನ್ ಇರುವವರೆಗೆ ಅದು ನಡೆಯುತ್ತದೆ. ಇವರ ಫೈಲುಗಳು ಇಂದು ಒಂದು ಪ್ರೆಸ್ಸಿಗೆ, ನಾಳೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತವೆ. ಅಲ್ಲಿ ಅದೇ ಹದಿನೈದು ಅಂಕಿ ಚಿತ್ರದ ಬೆಳಕಿನ ಭಾಗವನ್ನು ಸುಟ್ಟುಬಿಡುತ್ತದೆ.

ಮೊದಲೇ ಸಿಎಂವೈಕೆಗೆ ಬದಲಿಸುವುದನ್ನಂತೂ ನಾನು ಒಪ್ಪಲಾರೆ. ಬದಲಿಸಿದ ಕ್ಷಣವೇ ಯಾವುದೋ ಒಂದು ಕಾಗದದ ಎಲ್ಲೆಗೆ ಚಿತ್ರ ಕಟ್ಟುಬಿದ್ದಂತೆ, ಕಳೆದ ಬಣ್ಣ ಮತ್ತೆ ಆರ್‌ಜಿಬಿಗೆ ತಂದರೂ ಮರಳುವುದಿಲ್ಲ. ಮೂಲವನ್ನು ಆರ್‌ಜಿಬಿಯಲ್ಲಿಯೇ ಉಳಿಸಿಕೊಂಡು, ಫೋಟೋಶಾಪ್‌ನ ಅಚ್ಚಿನಲ್ಲಿ ಹೇಗೆ ಕಾಣುವುದೆಂದು ಪರದೆಯ ಮೇಲೆ ತೋರಿಸುವ ಪ್ರೂಫ್ ಸೆಟಪ್‌ನಲ್ಲಿ ಪ್ರೆಸ್ಸಿನ ಪ್ರೊಫೈಲನ್ನು ಆರಿಸಿ, ಕಂಟ್ರೋಲ್ ವೈ ಒತ್ತಿ ನೋಡುತ್ತ ತಿದ್ದಬೇಕು. ಕಂಟ್ರೋಲ್ ಶಿಫ್ಟ್ ವೈ ಒತ್ತಿದರೆ ಅಚ್ಚಿಗೆ ಸಿಗದ ಬಣ್ಣಗಳ ಜಾಗವೆಲ್ಲ ಬೂದಿಯಾಗಿ ಕಾಣುತ್ತದೆ. ಇವರು ಆ ಎರಡನೆಯ ಕೀಲಿಯನ್ನು ಒತ್ತಿದ್ದರೆ ಹಿನ್ನೆಲೆಯ ಮೇಲರ್ಧ ಪೂರ್ತಿ ಬೂದಿಯಾಗಿ, ಸಾವಿರ ಪ್ರತಿ ಉಳಿಯುತ್ತಿದ್ದವು. ಕಾಗದದ ಬಣ್ಣವನ್ನೂ ತೋರಿಸು ಎಂಬ ಆಯ್ಕೆಯನ್ನು ಹಾಕುವಾಗ ಮಾತ್ರ ಒಂದು ಕ್ಷಣ ಮುಖ ತಿರುಗಿಸಿಕೊಳ್ಳಿ. ಚಿತ್ರ ಮಂಕಾಗುವುದನ್ನು ಕಣ್ಣಾರೆ ಕಂಡರೆ ಮನಸ್ಸು ಅದನ್ನು ಒಪ್ಪುವುದಿಲ್ಲ.

ಫ್ಲೆಕ್ಸ್ ಮುದ್ರಣ, ಯಾದಗಿರಿ

ಬೂದಿಯಾಗುವ ಕೀಲಿ ನನಗೆ ಗೊತ್ತಿರಲಿಲ್ಲ. ಹದಿನೈದು ಅಂಕಿಯನ್ನು ನಾನು ಬಿಡುವುದಿಲ್ಲ, ಆದರೆ ಇದನ್ನು ಮಾಡಿ ನೋಡುತ್ತೇನೆ.

ಕಲಾ ಶಿಕ್ಷಕಿ, ಬೀದರ್

ಇದೇ ಚರ್ಚೆಯಲ್ಲಿ ನನ್ನದೊಂದು ಸಣ್ಣ ಪ್ರಶ್ನೆ ಸೇರಿಸುತ್ತೇನೆ. ಮನೆಯಲ್ಲಿ ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರ್ ಇದೆ. ನನ್ನ ಜಲವರ್ಣ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಮುದ್ರಿಸಿದರೆ ಎಲ್ಲವೂ ಕೆಂಪಿಗೆ ತಿರುಗುತ್ತವೆ. ಆಫ್‌ಸೆಟ್‌ನಂತೆಯೇ ಸಿಎಂವೈಕೆಗೆ ಬದಲಿಸಿ ಕೊಡಬೇಕೇ?

ಛಾಯಾಗ್ರಾಹಕ, ಬೀದರ್

ಬೇಡ ಮೇಡಂ. ಮನೆಯ ಇಂಕ್‌ಜೆಟ್‌ನ ಡ್ರೈವರ್ ಬಯಸುವುದೇ ಆರ್‌ಜಿಬಿಯನ್ನು, ಇಂಕುಗಳಿಗೆ ಹಂಚುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದರೆ ಬಣ್ಣದ ತಿದ್ದುಪಡಿ ಎರಡು ಸಲ ಆಗುತ್ತಿರುವ ಸಾಧ್ಯತೆ ಹೆಚ್ಚು: ಫೋಟೋಶಾಪ್ ಒಮ್ಮೆ ಪ್ರೊಫೈಲ್ ಹಚ್ಚುತ್ತದೆ, ಅದರ ಮೇಲೆ ಡ್ರೈವರ್ ತನ್ನದನ್ನು ಹಚ್ಚುತ್ತದೆ. ಫೋಟೋಶಾಪ್‌ಗೆ ಹೊಣೆ ಕೊಟ್ಟರೆ ಡ್ರೈವರಿನಲ್ಲಿ ಬಣ್ಣದ ನಿರ್ವಹಣೆಯನ್ನು ಆಫ್ ಮಾಡಿ. ಅದಕ್ಕೂ ಮೊದಲು ಇಂಕಿನ ರಂಧ್ರಗಳು ತೆರೆದಿವೆಯೇ ಎಂದು ತೋರಿಸುವ ನಾಝಲ್ ಚೆಕ್ ತೆಗೆಯಿರಿ, ಸಯಾನ್ ಕಟ್ಟಿಕೊಂಡಿದ್ದರೂ ಚಿತ್ರ ಕೆಂಪಾಗುತ್ತದೆ. ಬೇರೆ ಕಂಪನಿಯ ಇಂಕು ತುಂಬಿಸಿದ್ದರೆ ಪ್ರಿಂಟರಿನ ಜೊತೆಗೆ ಬಂದ ಪ್ರೊಫೈಲ್ ಅದಕ್ಕೆ ಹೊಂದುವುದಿಲ್ಲ.

ಬಿದ್ರಿ ಮಳಿಗೆ, ಬೀದರ್

ನಮ್ಮ ಕ್ಯಾಟಲಾಗಿನಲ್ಲಿ ಬಿದ್ರಿ ಹೂಜಿಯ ಕಪ್ಪು ಯಾವಾಗಲೂ ಕಂದು ಮಿಶ್ರಿತ ಬೂದಿಯಾಗಿ ಬರುತ್ತದೆ. ಕೋಟೆಯ ಮಣ್ಣಿನಲ್ಲಿ ಅದ್ದಿ ತೆಗೆದ ಆ ಕಡುಗಪ್ಪೇ ಬಿದ್ರಿಯ ಜೀವ. ಕಪ್ಪು ಮಾಸಿದರೆ ಅದರ ಮೇಲಿನ ಬೆಳ್ಳಿಯ ಎಳೆಯೂ ಸೊರಗುತ್ತದೆ. ನಾಲ್ಕೂ ಬಣ್ಣವನ್ನು ನೂರು ನೂರು ಕೊಟ್ಟು ನೋಡಿದೆವು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಂದವು.

ಆಫ್‌ಸೆಟ್ ಮುದ್ರಕ, ಕಲಬುರಗಿ

ನಾನೂರು ಪ್ರತಿಶತ ಇಂಕನ್ನು ಯಾವ ಕಾಗದವೂ ಹೊರುವುದಿಲ್ಲ, ಸ್ವಾಮಿ. ಆರ್ಟ್ ಪೇಪರಿಗೆ ನಾಲ್ಕೂ ಸೇರಿ 300ರಿಂದ 330, ದಿನಪತ್ರಿಕೆಯ ಕಾಗದಕ್ಕೆ 240 ಮಿತಿ. ಮೀರಿದರೆ ಇಂಕು ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಕಪ್ಪು 100 ಒಂದನ್ನೇ ಕೊಟ್ಟರೆ ಬೂದಿಯಾಗಿ ಕಾಣುವುದೂ ನಿಜ. ಹೂಜಿಯ ಹಿಂದಿನ ಬಯಲು ಕಪ್ಪಿಗೆ ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಕೊಡಿ. ಒಟ್ಟು 240 ಆಗುತ್ತದೆ, ಸಯಾನ್ ಮುಂದಿರುವುದರಿಂದ ಕಂದು ಇಣುಕುವುದಿಲ್ಲ. ಕ್ಯಾಟಲಾಗನ್ನು ಮ್ಯಾಪ್‌ಲಿಥೋದಲ್ಲಿ ಅಚ್ಚು ಹಾಕಿಸುತ್ತಿದ್ದರೆ ಮಾತ್ರ ಯಾವ ಅಂಕಿಯೂ ನೆರವಿಗೆ ಬಾರದು, ಆ ಕಾಗದ ಇಂಕನ್ನು ಒಳಗೆ ಹೀರಿಕೊಳ್ಳುತ್ತದೆ. ಈ ನಾಲ್ಕರಲ್ಲಿ ಬೆಳ್ಳಿಯ ಇಂಕಿಲ್ಲ; ಛಾಯಾಗ್ರಾಹಕರು ಬೆಳಕಿನ ಹೊಳಪನ್ನು ಸರಿಯಾಗಿ ಹಿಡಿದರೆ, ಇಂಕು ಬೀಳದ ಕಾಗದದ ಬಿಳಿಯೇ ಅಲ್ಲಿ ಬೆಳ್ಳಿಯಾಗಬೇಕು.

ಡಿಟಿಪಿ ಅಂಗಡಿ, ಕಲಬುರಗಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬೀದರಿನ ಸರ್ ಹೇಳಿದಂತೆ ಸಂಜೆ ಏಳಕ್ಕೆ ಶಟರ್ ಇಳಿಸಿ, ಮಾನಿಟರ್ ಪಕ್ಕದಲ್ಲಿ ಆರ್ಟ್ ಕಾರ್ಡ್ ನಿಲ್ಲಿಸಿದೆ. ನೂರರಲ್ಲಿದ್ದ ಬ್ರೈಟ್‌ನೆಸ್ 28ಕ್ಕೆ ಇಳಿದಾಗ ಎರಡೂ ಬಿಳಿಗಳು ಸಮವಾದವು. ಆಗ ಮದರಸಾದ ಚಿತ್ರವನ್ನು ತೆರೆದೆ, ಗಿರಾಕಿ ಮರಳಿಸಿದ ಪ್ರತಿಯನ್ನು ಪಕ್ಕದಲ್ಲಿ ಹಿಡಿದೆ. ಮಿನಾರಿನ ನೆರಳಿನ ಬದಿಯ ಹೆಂಚುಗಳು ಎರಡರಲ್ಲೂ ಒಂದೇ ರೀತಿ ಕಪ್ಪಾಗಿ ಮುಚ್ಚಿಹೋಗಿದ್ದವು. ಅಂದರೆ ಪ್ರೆಸ್ಸಿನವರು ನಾನು ಕೊಟ್ಟದ್ದನ್ನೇ ಅಚ್ಚು ಹಾಕಿದ್ದರು, ಒಂಬತ್ತು ವರ್ಷ ನಾನು ನೋಡಿದ್ದೇ ಬೇರೆ. ಭೂತಗನ್ನಡಿಯಲ್ಲಿ ಅಕ್ಷರದ ಕೆಂಪು ಅಂಚೂ ಕಂಡಿತು.

ಪ್ರೆಸ್ಸಿನವರನ್ನು ಕೇಳಿದಾಗ ಫೋಗ್ರಾ 39 ಎಂದರು. ಅವರಲ್ಲಿಯೇ ಅಚ್ಚಾಗಲಿದ್ದ ನನ್ನ ಇನ್ನೊಂದು ಕೆಲಸದ ಕತ್ತರಿಸಿ ಬಿಸಾಡುವ ಅಂಚಿನಲ್ಲಿ, ಸಯಾನ್ 100ಕ್ಕೆ ಮೆಜೆಂಟಾ 50, 60, 70 ಇರುವ ಮೂರು ಪಟ್ಟಿಗಳನ್ನೂ ಅಂಗೈಯಗಲದ ಚಿತ್ರವನ್ನೂ ಸೇರಿಸಿದೆ. ಹಾಳೆ ಒಣಗಿದ ಮೇಲೆ ಪಟ್ಟಿಯ ಅರ್ಧಕ್ಕೆ ಮಾತ್ರ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದೆ. ಲ್ಯಾಮಿನೇಷನ್ ಬಿದ್ದ ಅರ್ಧದಲ್ಲಿ ನೀಲಿಯ ಆಳ ಕಡಿಮೆಯಾಗಿ, ತೆಳುವಾದ ಹಾಲುಪೊರೆ ಹೊದಿಸಿದಂತಿತ್ತು. ಮಧ್ಯಾಹ್ನ ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ಕರೆದು, ನೇರ ಬಿಸಿಲು ಬೀಳದ ನೆರಳಿನಲ್ಲಿ ಮೂರನ್ನೂ ತೋರಿಸಿದೆ. ಅವರು ತಮ್ಮ ಮೊಬೈಲ್ ತೆಗೆದು ಹೋಲಿಸಲು ಹೊರಟರು. ಪರದೆಯ ಬಣ್ಣ ‘ವಿವಿಡ್’ನಲ್ಲಿತ್ತು. ಅದನ್ನು ‘ನ್ಯಾಚುರಲ್’ಗೆ ಬದಲಿಸಿ ತೋರಿಸಿದಾಗ ತಮ್ಮ ಮಗಳ ಮದುವೆಯ ಫೋಟೋಗಳೆಲ್ಲ ಬಣ್ಣಗೆಟ್ಟವೆಂದು ಕೂಡಲೇ ಮೊದಲಿನಂತೆ ಮಾಡಿಸಿಕೊಂಡರು. ಆದರೂ ನಡುವಿನ ಪಟ್ಟಿಯನ್ನು ಒಪ್ಪಿ, ಅದರ ಬೆನ್ನಿಗೆ ಸಹಿ ಹಾಕಿದರು. ಹೊಸ ಮುಖಪುಟದ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಒಪ್ಪಿದ ಪಟ್ಟಿಯ ಅಂಕಿಗಳನ್ನೇ ಕೊಟ್ಟು ಮುಖಪುಟವನ್ನು ಎರಡನೆಯ ಸಲ ಅಚ್ಚು ಹಾಕಿಸಿದಾಗಲೂ ಆ ನಡುವಿನ ಪಟ್ಟಿಗಿಂತ ನೀಲಿ ಒಂದಿಷ್ಟು ಕೆಂಪಿನತ್ತ ಬಂದಿದೆ. ಗಿರಾಕಿ ಗಮನಿಸಿಲ್ಲ, ನಾನು ಗಮನಿಸಿದ್ದೇನೆ.

ಆಫ್‌ಸೆಟ್ ಮುದ್ರಕ, ಕಲಬುರಗಿ

ನಿಮ್ಮ ಮುಖಪುಟ ಒಂಟಿಯಾಗಿ ಅಚ್ಚಾಯಿತೋ, ಬೇರೆಯವರ ಕೆಲಸಗಳ ಜೊತೆಗೆ ಗ್ಯಾಂಗಿನಲ್ಲಿ ಅಚ್ಚಾಯಿತೋ ಕೇಳಿ. ಒಂದೇ ದೊಡ್ಡ ಹಾಳೆಯಲ್ಲಿ ನಿಮ್ಮ ನೀಲಿಯ ಹಿಂದೆಯೇ, ಅದೇ ಸಾಲಿನಲ್ಲಿ ಯಾರದೋ ಕುಂಕುಮ ಬಣ್ಣದ ಲಗ್ನಪತ್ರಿಕೆ ಕೂತಿದ್ದರೆ, ಅದಕ್ಕಾಗಿ ತೆರೆದ ಮೆಜೆಂಟಾ ನಿಮ್ಮದಕ್ಕೂ ಬೀಳುತ್ತದೆ. ಆ ಸಾಲಿನ ಕೀಲಿ ಒಂದೇ. ಮುಂದಿನ ಸಲ ಹಾಳೆಯ ಅಂಚಿನಲ್ಲಿ ಎರಡು ಬೂದಿ ಚೌಕಗಳನ್ನು ಇಡಿ: ಒಂದು ಕಪ್ಪು 50 ಮಾತ್ರ, ಇನ್ನೊಂದು ಸಯಾನ್ 50, ಮೆಜೆಂಟಾ 40, ಹಳದಿ 40. ಎರಡನೆಯದು ಮೊದಲನೆಯದರ ಪಕ್ಕದಲ್ಲಿ ಗುಲಾಬಿಯಾಗಿ ಕಂಡರೆ ಮಷೀನ್‌ಮನ್‌ಗೆ ತೋರಿಸಿ, ಮಾತು ಬೇಕಾಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ನೀಲಿಯೇ ಬೇಕೆಂದರೆ ಐದನೆಯ ಬಣ್ಣವಾಗಿ ಕಲಸಿದ ನೀಲಿ ಇಂಕನ್ನು ಬಳಸಬಹುದು. ನಾಲ್ಕು ಬಣ್ಣದ ಮಷೀನಿನಲ್ಲಿ ಅದಕ್ಕೆ ಇನ್ನೊಂದು ಪ್ಲೇಟು, ಮತ್ತೊಮ್ಮೆ ತೊಳೆಯುವ ಕೆಲಸ, ಹಾಳೆಯನ್ನು ಎರಡನೆಯ ಸಲ ಓಡಿಸುವ ಖರ್ಚು ಬೀಳುತ್ತದೆ.

ಡಿಟಿಪಿ ಅಂಗಡಿ, ಕಲಬುರಗಿ

ಗ್ಯಾಂಗಿನಲ್ಲಿಯೇ ಅಚ್ಚಾಗಿತ್ತು ಕಾಕಾ, ಅದೇ ಸಾಲಿನಲ್ಲಿ ನನ್ನ ನೀಲಿಯ ಹಿಂದೆ ಯಾವುದೋ ಮಿಠಾಯಿ ಅಂಗಡಿಯ ಕೆಂಪು ಡಬ್ಬಿ ಇತ್ತಂತೆ. ಐದನೆಯ ಬಣ್ಣಕ್ಕೆ ಸಾವಿರ ಪ್ರತಿಯ ಲೆಕ್ಕ ಕೂಡುವುದಿಲ್ಲ. ಬೂದಿ ಚೌಕಗಳನ್ನು ಇವತ್ತೇ ಟೆಂಪ್ಲೇಟಿಗೆ ಸೇರಿಸಿದ್ದೇನೆ, ಸಹಿ ಹಾಕಿದ ಪಟ್ಟಿಯನ್ನು ಬಿಸಿಲು ತಾಗದಂತೆ ಲಕೋಟೆಯಲ್ಲಿಟ್ಟು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.